ಕನ್ನಡಿ ಕೈಯಲ್ಲಿರುವಾಗ

ಗಾಜಿನಂಗಡಿಯಲ್ಲಿ ಅಣ್ಣ ಮಾಡಿದ ನಿಯಮಗಳು ಎರಡೇ. ಗಾಜು ಕತ್ತರಿಸಿದವರು ನೆಲ ಗುಡಿಸಿಯೇ ಏಳಬೇಕು. ಗಾಜು ಕೈಯಲ್ಲಿರುವಾಗ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಬಾರದು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಗಾಜು ಒಡೆದರೆ ಅವೆರಡರ ಜೊತೆ ಗಿರಾಕೀನೂ ಹೋದ" ಎನ್ನುವುದು ಅವನ ಹಳೆಯ ತಮಾಷೆ.

ಎರಡನೆಯ ನಿಯಮವನ್ನು ತಂಗಿ ಆ ದಿನ ಬೇಕೆಂದೇ ಮುರಿದಳು.

ಬೇರೆ ದಾರಿ ಇರಲಿಲ್ಲ. ಲಸಿಕೆಯ ಮಾತೆತ್ತಿದರೆ ಅಣ್ಣ ಎದ್ದು ಹೋಗುತ್ತಿದ್ದ. ಊಟದ ಹೊತ್ತಿನಲ್ಲಿ ಎತ್ತಿದರೆ ತಟ್ಟೆ ಬಿಟ್ಟು ಎದ್ದ. ಅಂಗಡಿಯಲ್ಲಿ ಎತ್ತಿದರೆ ಗಾಡಿಯ ಕೀ ಹಿಡಿದು ಹೊರಟ. ಫೋನಿನಲ್ಲಿ ಎತ್ತಿದರೆ ಸಿಗ್ನಲ್ ಇಲ್ಲ ಎಂದ. ಆಳೆತ್ತರದ ಕನ್ನಡಿ ಹಿಡಿದು ಮೆಟ್ಟಿಲ ನಡುವೆ ನಿಂತವನು ಮಾತ್ರ ಎಲ್ಲಿಗೂ ಹೋಗಲಾರ.

ಐದು ವರ್ಷದ ಹಿಂದೆ ಅವಳ ಎರಡೂ ಕಿಡ್ನಿಗಳು ಕೈಕೊಟ್ಟಾಗ ಅಣ್ಣ ತನ್ನದೊಂದನ್ನು ಕೊಟ್ಟಿದ್ದ. ದೇಹ ಅದನ್ನು ಹೊರಗಿನದೆಂದು ತಳ್ಳಿಹಾಕದಂತೆ ಅವಳು ಬೆಳಿಗ್ಗೆ ಸಂಜೆ ಮಾತ್ರೆ ನುಂಗುತ್ತಾಳೆ. ಆ ಮಾತ್ರೆಗಳು ಕಿಡ್ನಿಯನ್ನು ಕಾಯುತ್ತವೆ, ಜೊತೆಗೆ ರೋಗದೊಡನೆ ಹೋರಾಡುವ ಶಕ್ತಿಯನ್ನೂ ತಗ್ಗಿಸುತ್ತವೆ. ಊರಲ್ಲಿ ಹೊಸ ಜ್ವರ ಹಬ್ಬಿದಾಗ ಮೊದಲ ಸಾಲಿನಲ್ಲಿ ನಿಂತು ಲಸಿಕೆ ಹಾಕಿಸಿಕೊಂಡಿದ್ದಳು. ಆಮೇಲಿನ ರಕ್ತಪರೀಕ್ಷೆ ನೋಡಿ ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ನಿಮ್ಮ ಮೈಯಲ್ಲಿ ಇದು ಪೂರ್ತಿ ಕೆಲಸ ಮಾಡ್ತಿಲ್ಲಮ್ಮ. ನಿಮ್ಮ ಹತ್ತಿರ ಓಡಾಡೋರು ಹಾಕಿಸ್ಕೋಬೇಕು. ಅದೂ ಪೂರ್ತಿ ರಕ್ಷಣೆ ಅಲ್ಲ, ಅಪಾಯ ಕಮ್ಮಿಯಾಗುತ್ತೆ."

ಹತ್ತಿರ ಓಡಾಡುವವನು ಅಣ್ಣ ಒಬ್ಬನೇ. ದಿನವಿಡೀ ಒಂದೇ ಕೋಣೆ, ಒಂದೇ ಮೇಜು. ಹೋದ ವಾರ ಕೆಮ್ಮುತ್ತಲೇ ಕೆಲಸಕ್ಕೆ ಬಂದು, "ಧೂಳು" ಎಂದಿದ್ದ. ಅವನ ಮಾಸ್ಕು ಯಾವಾಗಲೂ ಗದ್ದವನ್ನಷ್ಟೇ ಕಾಯುತ್ತಿತ್ತು.

ಆ ದಿನ ಡ್ಯಾನ್ಸ್ ಟೀಚರೊಬ್ಬರ ಅಭ್ಯಾಸದ ಕೋಣೆಗೆ ಎರಡು ಕನ್ನಡಿ ಕೂರಿಸುವ ಕೆಲಸವಿತ್ತು. ಕೋಣೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೆಟ್ಟಿಲಿನಲ್ಲಿ ಭಾರವೆಲ್ಲ ಕೆಳಗಿನವರ ಮೇಲೆ ಬೀಳುವುದರಿಂದ ಅಣ್ಣ ಕೆಳಗೆ, ತಂಗಿ ಮೇಲೆ. ಮೇಲಿರುವವರು ದಾರಿ ನೋಡಿ ಹೇಳಬೇಕು, ಕೆಳಗಿರುವವರು ಅದನ್ನೇ ತಿರುಗಿ ಹೇಳಬೇಕು. ತಿರುಗಿ ಹೇಳುವವರೆಗೆ ಯಾರೂ ಕಾಲು ಎತ್ತುವಂತಿಲ್ಲ. ಇಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಒಂದು ಗಾಜೂ ಒಡೆಯದೆ ಇದ್ದುದು ಹೀಗೆ.

"ತಿರುವು," ಎಂದಳು.

"ತಿರುವು."

"ಎಡಕ್ಕೆ."

"ಎಡಕ್ಕೆ."

"ಲಸಿಕೆ."

ಕನ್ನಡಿ ಅಲ್ಲೇ ನಿಂತಿತು. ಅವಳೂ ಕದಲಲಿಲ್ಲ.

"ಪುಟ್ಟಿ, ಮುಂದೆ ಏನಿದೆ ಹೇಳು."

"ಹೇಳಿದ್ನಲ್ಲ. ತಿರುಗಿ ಹೇಳು, ಹತ್ತೋಣ."

"ತಲೆ ಕೆಟ್ಟಿದ್ಯಾ ನಿಂಗೆ? ಕೈಯಲ್ಲಿ ಗಾಜಿದೆ!"

"ಅದಕ್ಕೇ ಈಗ ಕೇಳ್ತಿರೋದು. ಕೈ ಖಾಲಿ ಇದ್ರೆ ನೀನು ನಿಲ್ತೀಯಾ?"

ಅಣ್ಣ ಕೆಳಗೆ ನೋಡಿದ. ಮೆಟ್ಟಿಲ ಅಂಚಿನ ಮೇಲೆ ಇಳಿಸಿದರೆ ಕನ್ನಡಿಯ ಮೂಲೆ ಚಕ್ಕೆ ಏಳುತ್ತದೆ. ಅವನು ಹಲ್ಲು ಕಚ್ಚಿ ಹಿಡಿತ ಬಿಗಿ ಮಾಡಿದ.

"ಹಾಕಿಸ್ಕೊಂಡೋರಿಗೂ ಜ್ವರ ಬಂದಿದೆ. ಪಕ್ಕದಂಗಡಿ ಟೈಲರ್‌ಗೆ ಬರ್ಲಿಲ್ವಾ?"

"ಬಂತು. ಮಲಗಿ ಎದ್ದ. ಗ್ಲೌಸ್ ಹಾಕ್ಕೊಂಡ್ರೂ ಒಂದೊಂದ್ಸಲ ಕೈ ಕುಯ್ಯುತ್ತೆ. ಹಾಗಂತ ಬರಿಗೈಲಿ ಗಾಜು ಹಿಡೀತೀಯಾ?"

"ನನ್ನ ಮೈ, ನನ್ನಿಷ್ಟ."

"ನೆಲ ಯಾಕೆ ಗುಡಿಸ್ತೀಯ ಮತ್ತೆ? ಚೂರು ಬೀಳಿಸ್ದೋನಿಗೆ ಚುಚ್ಚಲ್ಲ, ಹಿಂದೆ ಬರೋನಿಗೆ ಚುಚ್ಚುತ್ತೆ ಅಂತ ಊರಿಗೆಲ್ಲ ಬುದ್ಧಿ ಹೇಳೋನು ನೀನೇ. ನಿನ್ನ ಕೆಮ್ಮಿಗೆ ಆ ನಿಯಮ ಇಲ್ವಾ?"

ಮೇಲಿನಿಂದ ಡ್ಯಾನ್ಸ್ ಟೀಚರ್ ಬಗ್ಗಿ ನೋಡಿದರು. "ಏನ್ರೀ, ಕನ್ನಡಿ ಬರ್ತಿದ್ಯೋ, ಜಗಳ ಬರ್ತಿದ್ಯೋ?"

"ಎರಡೂ ಬರ್ತಿದೆ ಮೇಡಂ, ಬಾಗಿಲು ಪೂರ್ತಿ ತೆಗ್ದಿಡಿ," ಎಂದ ಅಣ್ಣ. ಅವರು ಒಳಗೆ ಹೋಗುವವರೆಗೆ ಕಾದು, ದನಿ ತಗ್ಗಿಸಿ ಹೇಳಿದ: "ಈ ಮೈಯಲ್ಲಿ ನಿನ್ನ ಪಾಲು ನಿನಗೆ ಕೊಟ್ಟಾಯ್ತು. ಇನ್ನೇನು ಬೇಕು?"

ಐದು ವರ್ಷದಲ್ಲಿ ಒಮ್ಮೆಯೂ ಅವನು ಈ ಮಾತು ಎತ್ತಿ ಆಡಿರಲಿಲ್ಲ.

"ನೀನು ಕೊಟ್ಟಿದ್ದನ್ನ ಉಳಿಸ್ಕೊಳ್ಳೋಕೇ ಅಣ್ಣ ನಾನು ಕೇಳ್ತಿರೋದು."

"ಕೊಡ್ತೀಯಾ ಅಂತ ಯಾರು ಕೇಳಿದ್ರು? ಯಾವಾಗ ಕೊಡ್ತೀಯ ಅಂತ ಕೇಳಿದ್ರು, ಅಷ್ಟೆ! ಡಾಕ್ಟರ್ ಒಬ್ರು ಒಳಗೆ ಕರೆದು, ಇಷ್ಟ ಇದ್ಯಾ ಅಂದ್ರು. ಬಾಗಿಲಾಚೆ ಬೆಂಚ್ ಮೇಲೆ ಅಮ್ಮ ಕೂತಿದ್ಳು. ಏನು ಹೇಳ್ಬೇಕಿತ್ತು ನಾನು? ಆವತ್ತೇ ಅಂದ್ಕೊಂಡೆ. ಇನ್ಮೇಲೆ ಈ ಮೈಗೆ ಒಂದು ಸೂಜಿ ತಾಗ್ಬೇಕಾದ್ರೂ ನಾನು ಹೂಂ ಅನ್ಬೇಕು."

ಅವಳಿಗೆ ಮೈಯೆಲ್ಲ ಉರಿಯಿತು. ಅಮ್ಮನ ಮೇಲೆ, ಆ ಬೆಂಚಿನ ಮೇಲೆ, ಮನಸ್ಸಿಲ್ಲದೆ ಕೊಟ್ಟು ಇಷ್ಟು ವರ್ಷ ನಗುತ್ತಾ ಓಡಾಡಿದ ಇವನ ಮೇಲೆ. ಅಂದು ಹೇಳಬೇಕಿದ್ದ 'ಇಲ್ಲ'ವನ್ನು ಜೋಪಾನವಾಗಿ ಎತ್ತಿಟ್ಟು, ಈಗ ತಂದು ಅವಳ ತಲೆಯ ಮೇಲೆ ಹಾಕುತ್ತಿದ್ದಾನೆ. ಅಮ್ಮನ ಮುಂದೆ ಬಾಯಿ ಬಿಡದವನಿಗೆ ಧೈರ್ಯ ತೋರಿಸಲು ಸಿಕ್ಕಿದ್ದು ಅವಳ ಉಸಿರು.

"ಮೆಟ್ಟಿಲು," ಎಂದಳು.

"ಮೆಟ್ಟಿಲು," ಎಂದ.

ಉಳಿದ ಮೆಟ್ಟಿಲು ಹತ್ತಿದರು. ಕನ್ನಡಿ ಗೋಡೆಗೆ ಕೂತಿತು. ಅಣ್ಣ ಮಟ್ಟ ನೋಡಿದ, ತಂಗಿ ಬಟ್ಟೆಯಿಂದ ಬೆರಳ ಗುರುತು ಒರೆಸಿದಳು. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡುವುದನ್ನು ತಪ್ಪಿಸಿಕೊಂಡು ಕೆಳಗಿಳಿದರು.

ಬೀದಿಯಲ್ಲಿ ನಿಂತಿದ್ದ ಗಾಡಿಯ ಚೌಕಟ್ಟಿಗೆ ಎರಡನೆಯ ಕನ್ನಡಿಯನ್ನು ಒರಗಿಸಿ ಕಟ್ಟಿದ್ದರು. ಅಣ್ಣ ಹಗ್ಗ ಬಿಚ್ಚಿದ.

"ಅಣ್ಣ, ಈಗ ಕೇಳ್ತೀನಿ. ಬಾಗಿಲಾಚೆ ಅಮ್ಮ ಇಲ್ಲ, ಕಾಲ ಕೆಳಗೆ ಮೆಟ್ಟಿಲೂ ಇಲ್ಲ. ಲಸಿಕೆ ಹಾಕಿಸ್ಕೊಳ್ತೀಯಾ? ಇಲ್ಲ ಅನ್ಬಹುದು. ನಾನು ಅಳಲ್ಲ."

ಅಣ್ಣ ಅವಳನ್ನು ನೇರವಾಗಿ ನೋಡಿದ. ಹಾಗೆ ನೋಡಿ ಬಹಳ ದಿನವಾಗಿತ್ತು.

"ಇಲ್ಲ," ಎಂದ.

"ಸರಿ." ಅವಳು ಕೈಯ ಗ್ಲೌಸ್ ಕಳಚಿದಳು. "ಹಾಗಾದ್ರೆ ನನ್ನದೂ ಒಂದು ಇಲ್ಲ ಕೇಳಿಸ್ಕೋ. ಇನ್ಮೇಲೆ ನಿನ್ನ ಜೊತೆ ಗಾಜು ಎತ್ತಲ್ಲ. ನೀನಿರೋ ಕೋಣೇಲಿ ಕೂರಲ್ಲ."

"ಅಂಗಡಿ ಏನಾಗ್ಬೇಕು?"

"ಗೊತ್ತಿಲ್ಲ. ನಿನ್ನಿಷ್ಟ ನೀನು ನಡೆಸ್ಕೋ, ಬೇಡ ಅನ್ನಲ್ಲ. ಆದ್ರೆ ಅದರ ದಂಡ ನಾನೊಬ್ಳೇ ಯಾಕೆ ಕಟ್ಬೇಕು?"

"ಕಿಡ್ನಿ ಕೊಟ್ಟೋನಿಗೆ ಹೇಳೋ ಮಾತಾ ಇದು?"

"ಕೊಟ್ಟಿದ್ದಕ್ಕೆ ಸಾಯೋವರೆಗೂ ನಿನ್ನ ಋಣದಲ್ಲಿದೀನಿ. ಆದ್ರೆ ಋಣ ಅಂತ ಹೇಳ್ಕೊಂಡು ಅದೇ ಕಿಡ್ನೀನ ನಿನ್ನ ಹಟಕ್ಕೆ ಬಲಿ ಕೊಡಲ್ಲ."

ಮೇಲಿನ ಕಿಟಕಿಯಿಂದ ಡ್ಯಾನ್ಸ್ ಟೀಚರ್ ಕೇಳಿದರು: "ಇನ್ನೊಂದು ಯಾವಾಗ ತರ್ತೀರಿ?"

"ಇವತ್ತು ಬರಲ್ಲ ಮೇಡಂ," ಎಂದಳು.

"ಯಾಕೆ?"

"ಎತ್ತೋಕೆ ಇಬ್ಬರು ಬೇಕು," ಎಂದು ಗ್ಲೌಸನ್ನು ಗಾಡಿಯ ಸೀಟಿನ ಮೇಲೆ ಎಸೆದು ತಂಗಿ ನಡೆಯತೊಡಗಿದಳು.

ಜಗಳದ ನಡುವೆ ಎದ್ದು ಹೋಗುತ್ತಿದ್ದವನು ಯಾವಾಗಲೂ ಅಣ್ಣ. ಇಂದು ಅವನು ಹೋಗುವಂತಿರಲಿಲ್ಲ. ಕಟ್ಟು ಬಿಚ್ಚಿದ ಕನ್ನಡಿ ಚೌಕಟ್ಟಿನಿಂದ ಮುಂದಕ್ಕೆ ವಾಲಿ ಅವನ ಎರಡೂ ಅಂಗೈಗಳ ಮೇಲೆ ಒರಗಿತ್ತು. ಹಗ್ಗ ಅವನ ಕಾಲ ಬಳಿಯೇ ಬಿದ್ದಿತ್ತು. ಬಗ್ಗಿ ಎತ್ತಿಕೊಳ್ಳಬೇಕಾದರೆ ಒಂದು ಕೈ ಬಿಡಬೇಕು.

"ಪುಟ್ಟಿ, ಹಗ್ಗ!" ಎಂದು ಕೂಗಿದ.

ತಿರುಗಿ ಹೇಳುವವರು ಯಾರೂ ಇರಲಿಲ್ಲ.