ಎಕ್ಕದ ಸವತಿ

ನನಗೆ ಸವತಿಯಾಗಿ ಬಂದದ್ದು ಒಂದು ಎಕ್ಕದ ಗಿಡ. ನಗುವವರು ನಗಲಿ, ನನಗೇನು.

ಗಂಡ ತೀರಿಕೊಂಡ ಮೇಲೆ ದೋರನಹಳ್ಳಿಯಲ್ಲಿ ಅಣ್ಣ ಮರಿಲಿಂಗಪ್ಪನ ಮನೆ ಸೇರಿದ್ದೆ. ಕಾಲುವೆ ನೀರು ಬಂದು ಹೊಲಗಳೆಲ್ಲ ಭತ್ತದ ಗದ್ದೆಯಾಗಿದ್ದವು. ನಾಟಿ ಕೆಲಸದಲ್ಲಿ ಹಗಲು ಹೇಗೋ ಹೋಗುತ್ತಿತ್ತು. ಅತ್ತಿಗೆ ಕೆಟ್ಟವಳಲ್ಲ, ಆದರೆ ನಾನು ಒಳಗೆ ಕಾಲಿಟ್ಟರೆ ಗಂಡ ಹೆಂಡತಿಯ ಮಾತು ನಿಂತುಬಿಡುತ್ತಿತ್ತು. ನನ್ನ ಜೊತೆ ಮಾತಾಡಲು ನನ್ನವನೇ ಆದ ಒಬ್ಬ ಮನುಷ್ಯ ಬೇಕಿತ್ತು. ಅದನ್ನು ಹೇಳಲು ನಾಚಿಕೆ ಯಾಕೆ?

ಯಾದಗಿರಿ ಸ್ಟೇಷನ್ನಿನ ಗ್ಯಾಂಗ್‌ಮನ್ ಅಂಬ್ರಪ್ಪನ ಸಂಬಂಧ ಬಂತು. ಹಳಿಯ ಬದಿಯ ಜಾಲಿ, ಕಾಂಗ್ರೆಸ್ ಕಸ ಕಡಿದು ಹಸನು ಮಾಡುವುದು ಅವನ ಕೆಲಸ. ಇಬ್ಬರು ಹೆಂಡಂದಿರನ್ನು ಮಣ್ಣು ಮಾಡಿದ್ದ, ಒಬ್ಬಳು ಹೆರಿಗೆಯಲ್ಲಿ, ಇನ್ನೊಬ್ಬಳು ಜ್ವರದಲ್ಲಿ. ಮೂರನೆಯವಳೂ ಉಳಿಯುವುದಿಲ್ಲ ಎಂದು ಅಣ್ಣ ಹೆದರಿದ. ಅದಕ್ಕೊಂದು ಪದ್ಧತಿ ಇದೆ: ಗಂಡು ಮೊದಲು ಎಕ್ಕದ ಗಿಡವನ್ನು ಮದುವೆಯಾಗಬೇಕು. ಸಾವು ಗಿಡಕ್ಕೆ ಹೋಗುತ್ತದೆ, ಹೆಣ್ಣು ನಾಲ್ಕನೆಯವಳಾಗಿ ಬಂದು ಬದುಕುತ್ತಾಳೆ. ಪ್ಲಾಟ್‌ಫಾರ್ಮ್ ಮುಗಿಯುವಲ್ಲಿ ಜಲ್ಲಿಕಲ್ಲಿನ ನಡುವೆ ಬೆಳೆದಿದ್ದ ಎಕ್ಕಕ್ಕೆ ಅವನಿಂದ ಅರಿಶಿನದ ದಾರ ಕಟ್ಟಿಸಿದರು.

"ಗಿಡ ಒಣಗ್ಲಿ, ಆಮ್ಯಾಲೆ ತಂಗೀನ ಉಡಿಕಿ ಮಾಡಿ ಕೊಡ್ತೀನಿ" ಎಂದ ಅಣ್ಣ. ಗಂಡ ಸತ್ತವಳ ಮರುಮದುವೆಗೆ ನಮ್ಮಲ್ಲಿ ಉಡಿಕಿ ಎನ್ನುತ್ತಾರೆ.

ಎಕ್ಕ ಅಷ್ಟು ಸುಲಭಕ್ಕೆ ಒಣಗುತ್ತದೆಯೇ? ಬೇಸಿಗೆ ಪೂರ್ತಿ ಹೂ ಬಿಟ್ಟುಕೊಂಡು ನಿಂತಿತ್ತು. ತಡೆಯಲಾರದೆ ಒಂದು ದಿನ ನಾನೇ ಬಸ್ಸು ಹತ್ತಿ ಹೋದೆ. ಅಂಬ್ರಪ್ಪ ಸುತ್ತಲಿನ ಜಾಲಿಯನ್ನೆಲ್ಲ ಸವರಿ, ಅದೊಂದನ್ನೇ ಬಿಟ್ಟಿದ್ದ. ನನಗೆ ಮೈಯೆಲ್ಲ ಉರಿಯಿತು.

"ಕೊಡ್ಲಿ ಕೈಯಾಗೇ ಅದ. ಒಂದೇಟು ಹಾಕ್ಲಿಕ್ಕೆ ಏನಾಗ್ಯಾದ್ರಿ?" ಎಂದೆ.

"ಕೈ ಬರವಲ್ದು, ದೇವಕಮ್ಮ. ಇಬ್ಬರಿಗಿ ಮಣ್ಣು ಕೊಟ್ಟೀನಿ."

"ಹಂಗಾದ್ರ ಅಕಿ ಜೋಡಿನೇ ಸಂಸಾರ ಮಾಡ್ರಿ."

ಅವನು ನಕ್ಕ. ಚಹಾ ಕುಡಿಸಿದ. ಕೆಸರಲ್ಲಿ ನಿಂತು ನಿಂತು ಕಾಲು ನೋಯುವುದಿಲ್ಲವೇ ಎಂದು ಕೇಳಿದ. ಬಸ್ಸು ಬಿಡುವವರೆಗೆ ಕಿಟಕಿಯ ಹತ್ತಿರವೇ ನಿಂತಿದ್ದ. ನನ್ನ ಕಾಲಿನ ಬಗ್ಗೆ ಅಲ್ಲಿಯತನಕ ಯಾರೂ ಕೇಳಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಹಳಿಗುಂಟ ಎಣ್ಣೆ ಹೊಡೆಸಿದರು. ಗದ್ದೆಯ ಕಸ ಸಾಯಲಿ ಎಂದು ನಾವು ಹೊಡೆಯುತ್ತೇವಲ್ಲ, ಅಂಥದೇ ಔಷಧ. ಜಾಲಿ ಸುಟ್ಟಿತು, ಕಾಂಗ್ರೆಸ್ ಸುಟ್ಟಿತು, ಎಕ್ಕವೂ ಕರ್ರಗಾಗಿ ಸತ್ತಿತು. ಅಣ್ಣ ಓಣಿಗೆಲ್ಲ ಸಕ್ಕರೆ ಹಂಚಿದ. ನಾನು ಶಹಾಪುರಕ್ಕೆ ಹೋಗಿ ಹಸಿರು ಬಳೆ ಇಡಿಸಿಕೊಂಡೆ. ಬಸ್ಸಿನಲ್ಲಿ ಅವುಗಳನ್ನೇ ನೋಡಿಕೊಂಡು ಕುಳಿತಿದ್ದೆ, ಹುಡುಗಿಯರ ಹಾಗೆ.

ಅಣ್ಣನ ಜೊತೆ ಯಾದಗಿರಿಗೆ ಹೋದರೆ ಅಂಬ್ರಪ್ಪ ಸತ್ತ ಗಿಡದ ಮುಂದೆ ಕೂತಿದ್ದ. ಎದ್ದು ಬರಲಿಲ್ಲ.

"ದನ ಬಾಯಿ ಹಾಕಲ್ಲ, ಬ್ಯಾಸಗಿಗಿ ಬಗ್ಗಲ್ಲ. ಅಂಥಾದ್ದು ನನ್ನ ಕಟ್ಗೊಂಡು ಸತ್ತದ. ನಿನ್ನ ಹ್ಯಾಂಗ ಕರಕೊಂಡು ಹೋಗ್ಲಿ?"

"ಸಾಯ್ಲಿ ಅಂತೇ ಕಟ್ಟಿಸಿದ್ದಲ್ಲೋ ಅಂಬ್ರಪ್ಪ. ದೋಷ ಹೋತು" ಎಂದ ಅಣ್ಣ.

ಅವನು ಇಲ್ಲವೆಂದು ತಲೆಯಾಡಿಸಿದ.

"ಎಣ್ಣಿ ಹೊಡದಾರ, ಸತ್ತದ" ಎಂದೆ ನಾನು. "ನನ್ನ ಗಂಡನೂ ಸತ್ತಾನ. ಹಂಗ ನೋಡಿದ್ರ ನೀವೇ ನನಗ ಅಂಜಬೇಕು. ನಾ ಗಿಡ ಅಲ್ರಿ, ನನಗ ಬಾಯಿ ಅದ. ಬರ್ತೀನಿ ಅನ್ನಾಕತ್ತೀನಿ."

ಅವನ ಕಣ್ಣು ತುಂಬಿದ್ದವು. "ನಿನ್ನ ಮ್ಯಾಲೆ ಜೀವ ಅದ ನಂದು. ಅದಕ್ಕೇ ಬ್ಯಾಡ" ಎಂದ.

ಅಣ್ಣ ನನ್ನ ತೋಳು ಹಿಡಿದು ಕರೆದುಕೊಂಡು ಹೊರಟ. ಅಂಬ್ರಪ್ಪ ಈ ಸಲ ಬಸ್ಸಿನ ಹತ್ತಿರ ಬರಲಿಲ್ಲ.

ಆಮೇಲೆ ಅವನೂ ಯಾರನ್ನೂ ಮಾಡಿಕೊಂಡಿಲ್ಲವಂತೆ. ನನ್ನ ಜೀವ ಉಳಿಸಿದೆನೆಂದು ನಂಬಿಕೊಂಡಿದ್ದಾನೆ. ಉಳಿಸಿದ ಆ ಜೀವ ಇಟ್ಟುಕೊಂಡು ನಾನು ಏನು ಮಾಡಬೇಕು ಎಂದು ಮಾತ್ರ ಹೇಳಲಿಲ್ಲ.