ಇಳಿಯದ ಸೀಟು

ಅಣ್ಣ ಅಂಗಡಿಯಿಂದ ವಾಪಸು ತಂದ ಸೈಕಲ್ಲನ್ನು ಗೋಡೆಗೆ ಒರಗಿಸಿ, "ಆಗಲ್ಲ ಕಣೇ ಕುಳ್ಳಿ. ಸೀಟಿನ ಬೋಲ್ಟು ತುಕ್ಕು ಹಿಡಿದು ಕಚ್ಕೊಂಡ್ಬಿಟ್ಟಿದೆ. ಸೀಮೆಎಣ್ಣೆ ಹಾಕಿ ಹಾಕಿ ಸಾಕಾಯ್ತಂತೆ," ಎಂದ. ಸೀಟು ಇಳಿಯದಿದ್ದರೆ ತಂಗಿಯ ಕಾಲು ಪೆಡಲಿಗೆ ಎಟುಕದು. ಸೈಕಲ್ಲಿಲ್ಲದೆ ಸೋಮವಾರದಿಂದ ಹೊಲಿಗೆ ಕಾರ್ಖಾನೆಯ ಕೆಲಸಕ್ಕೆ ಹೋಗುವಂತಿಲ್ಲ.

"ಹಣೇಲಿ ಬರೆದಿಲ್ಲ, ಬಿಡು," ಎಂದು ಅಮ್ಮ ಅವಳ ತಲೆ ಸವರಿದಳು.

ಕುಳ್ಳಿ ಮಾತಾಡುವವಳಲ್ಲ, ನೋಡುವವಳು. ಬಗ್ಗಿ ನೋಡಿದಳು. ಬೋಲ್ಟಿನ ಮೇಲೆ ತುಕ್ಕು ಇಟ್ಟಿಗೆ ಪುಡಿಯ ಹಾಗೆ ಒಣಗಿ ಕೂತಿತ್ತು. ಜಿಡ್ಡಿಲ್ಲ, ಸೀಮೆಎಣ್ಣೆಯ ವಾಸನೆಯೂ ಇಲ್ಲ. ನಟ್ಟಿಗೂ ಸೀಟಿಗೂ ನಡುವೆ ಜೇಡ ಕಟ್ಟಿದ ಎಳೆ ಕೂಡ ಹರಿದಿರಲಿಲ್ಲ. ಕೆಲಸದ ಸುದ್ದಿ ಬಂದಾಗಿನಿಂದ ಅಣ್ಣ ಗೇಲಿ ಮಾಡುತ್ತಲೇ ಇದ್ದ. ಸೈಕಲ್ ಅಂಗಡಿಯವನೋ ಅವನ ಗೆಳೆಯ. ಇಬ್ಬರೂ ಸೇರಿ ತನ್ನ ಕಿವಿಗೆ ಹೂವಿಟ್ಟಿದ್ದಾರೆ ಎಂದುಕೊಂಡು ಸೈಕಲ್ಲು ತಳ್ಳಿಕೊಂಡು ಹೊರಟಳು.

"ಮತ್ತೆ ತಂದ್ಯಾ? ನಾನೇನು ಬೇಕಂತ ಮಾಡಿದ್ದಲ್ಲಮ್ಮ," ಎಂದ ಅಂಗಡಿಯವನು. ಅವಳಿನ್ನೂ ಬಾಯಿಯೇ ತೆರೆದಿರಲಿಲ್ಲ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿದ್ದ.

"ಎಣ್ಣೆ ಎಲ್ಲಿಗೆ ಹಾಕಿದ್ರಿ?"

"ಅಲ್ಲಿಗೇ. ಒಣಗಿರತ್ತೆ."

"ಜೇಡ ಕುಡಿದಿರ್ಬೇಕು," ಎಂದಳು ನೆಲ ನೋಡುತ್ತ.

ಅವನಿಗೆ ನಗು ತಡೆಯಲಾಗಲಿಲ್ಲ. ಎಣ್ಣೆ ಬಿಟ್ಟು, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿ, "ನಾಳೆ ಬಾ," ಎಂದ. ಕುಳ್ಳಿ ಸ್ಟೂಲು ಎಳೆದುಕೊಂಡು ಕೂತಳು. ಅವನ ಕೈಯಿಂದ ಕಣ್ಣು ಕೀಳಲಿಲ್ಲ. ಎರಡು ಪಂಕ್ಚರು ಮುಗಿಸಿ ಬಂದವನು ಸ್ಪ್ಯಾನರ್ ಹಾಕಿ ಮೊದಲು ಚೂರು ಬಿಗಿ ಮಾಡಿದ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದ. ನಟ್ಟು ಕಿರ್ರೆಂದು ಸಡಿಲಿತು.

"ಆಗಲ್ಲ ಅಂತ ಅಣ್ಣನೇ ಹೇಳ್ಸಿದ್ನಾ?"

"ಅವನಿಗೇನು ಗೊತ್ತು, ಪಾಪ. ನಾನು ಹೇಳಿದ್ದನ್ನ ನಂಬಿದ." ಅವನು ಸ್ಪ್ಯಾನರ್ ಒರೆಸುತ್ತ ನಿಂತ. "ನಿಮ್ಮಮ್ಮ ಬಂದಿದ್ರು. ಮುಟ್ಟಬೇಡ, ಆಗಲ್ಲ ಅಂತ ಹೇಳ್ಬಿಡು ಅಂದ್ರು. ಇವಳೂ ಹೋದ್ರೆ ಹಗಲೆಲ್ಲ ನಂಗೆ ಮಾತಿಗೆ ಯಾರಿದಾರೆ ಅಂದ್ರು."

ಮಾತೇ ಆಡದ ಮಗಳು ಸೀಟು ಇಳಿಸಿಕೊಂಡು, ಸೈಕಲ್ಲು ತುಳಿದುಕೊಂಡೇ ಮನೆಗೆ ಬಂದಳು. ಬಾಗಿಲಲ್ಲಿದ್ದ ಅಮ್ಮ ಪೆಡಲಿನ ಮೇಲಿದ್ದ ಕಾಲನ್ನೇ ನೋಡಿದಳು.

"ಬಿಚ್ಚಿತಾ?"

"ಬಿಚ್ಚಿತು."

"ಒಳ್ಳೇದಾಯ್ತು. ಸೋಮವಾರ ಎಷ್ಟು ಹೊತ್ತಿಗೆ ಎಬ್ಬಿಸ್ಲಿ?"

ಕುಳ್ಳಿ ಅಮ್ಮನ ಮುಖ ನೋಡಿದಳು. ನಂಬಬೇಕೋ ಬೇಡವೋ ತಿಳಿಯಲಿಲ್ಲ.

"ನಾನೇ ಏಳ್ತೀನಮ್ಮ," ಎಂದು ಸೈಕಲ್ಲನ್ನು ಎತ್ತಿ ಹೊಸ್ತಿಲು ದಾಟಿಸಿ, ತಾನು ಮಲಗುವ ಕೋಣೆಗೆ ತಂದು ಮಂಚಕ್ಕೆ ಒರಗಿಸಿದಳು.