ಒರಗುವ ಹಲಗೆ

ನಾನು ಒಂದು ಬೆಂಚು. ೧೯೪೯ರಲ್ಲಿ ಗದಗ ಸೀಮೆಯ ಒಂದು ಸಣ್ಣ ಕ್ರೈಸ್ತ ದೇವಾಲಯಕ್ಕಾಗಿ ಬಡಿಗೇರ ಮೌನೇಶಪ್ಪ ನನ್ನನ್ನು ಸಾಗವಾನಿಯಲ್ಲಿ ಮಾಡಿದ. ಉದ್ದ ಎಂಟಡಿ, ಕೂರುವ ಹಲಗೆಯ ಅಗಲ ಹದಿನೈದು ಇಂಚು. "ದಣದ ಬಂದಾವ್ರು ಒರಗಲಿ" ಎಂದು ಬೆನ್ನ ಹಲಗೆಯನ್ನು ತುಸು ಹಿಂದಕ್ಕೆ ವಾಲಿಸಿದ್ದ. ನನ್ನನ್ನು ಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕ ಇಟ್ಟರು.

ಬಾಗಿಲ ಕಡೆಯ ತುದಿ ಸುಗುಣವ್ವನದು. ಮುಂದಿನ ಆರಿಂಚಿನ ಮೇಲಷ್ಟೇ ಕೂರುತ್ತಿದ್ದಳು. ಒಮ್ಮೆಯೂ ಒರಗಲಿಲ್ಲ.

"ಬಸ್ ಬರತೈತೇನ ಬೇ? ಹಿಂದ ಸರದ ಕೂಡ್ರು" ಎಂದು ಗೆಳತಿ ರಾಹೇಲವ್ವ ಚುಚ್ಚುತ್ತಿದ್ದಳು.

"ನನಗ ಇಷ್ಟ ಸಾಕ."

ಕಾರಣ ಅವಳೇ ರಾಹೇಲವ್ವನಿಗೆ ಹೇಳುವಾಗ ಕೇಳಿದ್ದೆ. ನಾನು ಬರುವ ಮೊದಲೇ, ಒಂದು ಮಧ್ಯಾಹ್ನ, ಜ್ವರದಲ್ಲಿ ಮಲಗಿದ್ದ ಅತ್ತೆ ನೀರು ಕೇಳಿದ್ದಳು. ಜಗಳದ ಸಿಟ್ಟಿನಲ್ಲಿದ್ದ ಸುಗುಣವ್ವ ಕೊಡಲಿಲ್ಲ. ಸಂಜೆ ನೋಡಿದಾಗ ಅತ್ತೆಯ ಜೀವ ಹೋಗಿತ್ತು. ಅಂದಿನಿಂದ ಅವಳು ಕ್ರಿಸ್ತನ ನೆನಪಿಗೆ ಹಂಚುವ ಪ್ರಭು ಭೋಜನದ ರೊಟ್ಟಿ ಮುಟ್ಟಿರಲಿಲ್ಲ. ತಿಂಗಳ ಮೊದಲ ಭಾನುವಾರ ಅದನ್ನು ಪಡೆಯಲು ಎಲ್ಲರೂ ಮುಂದೆ ಹೋಗಿ ಮೊಣಕಾಲೂರುವಾಗ ನನ್ನ ತುದಿಯಲ್ಲೇ ಉಳಿಯುತ್ತಿದ್ದಳು.

ಸಭಾಪಾಲಕ ದೇವಮಿತ್ರರು ಒಮ್ಮೆ ಅವಳ ಬಳಿ ಬಂದು ಕೂತರು. "ಕ್ರಿಸ್ತ ನಿನ್ನ ಪಾಪ ಹೊತ್ತಾನವ್ವ. ನಂಬಿ ಬಾ, ಅಷ್ಟ."

"ಎಲ್ಲಾರ್ದೂ ಹೊತ್ತಾನ್ರಿ, ಅಯ್ಯನವರ. ನಂದು ಭಾಳ ಒಜ್ಜಿ ಐತ್ರಿ."

೧೯೬೮ರ ಜೂನ್, ಮೊದಲ ಭಾನುವಾರ. ಅಂದು ದೇವಮಿತ್ರರು ಮಾಡಿದ ಪ್ರಸಂಗ ನನಗೆ ನೆನಪಿದೆ: ದೇವರು ಕೊಡುತ್ತೇನೆಂದು ಮಾತು ಕೊಟ್ಟ ನಾಡಿನ ಅಂಚಿಗೆ ಬಂದ ಜನ ಒಳಗೆ ಕಾಲಿಡಲಿಲ್ಲ. ಬಾಗಿಲು ಮುಚ್ಚಿರಲಿಲ್ಲ, ಅವರು ನಂಬಲಿಲ್ಲ. ದೇವರು ಕೊಡುವ ವಿಶ್ರಾಂತಿಯ ಬಾಗಿಲು ಇಂದಿಗೂ ತೆರೆದಿದೆ.

ರೊಟ್ಟಿಗೆ ಮುಂದೆ ಹೋಗುವ ಹೊತ್ತಿಗೆ ರಾಹೇಲವ್ವ ಕೈ ಚಾಚಿದಳು. ಸುಗುಣವ್ವ ಎದ್ದಳು! ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ಹೆಜ್ಜೆ ಮುಂದಕ್ಕೆ ಹೊರಟಿತ್ತು.

ಆ ಬೇಸಿಗೆಯಲ್ಲಿ ನನ್ನ ಕೈಹಿಡಿಯ ಮೊಳೆಯೊಂದು ಅರ್ಧ ಇಂಚು ಮೇಲೆದ್ದಿತ್ತು. ಅದು ಅವಳ ಸೆರಗಿಗೆ ಸಿಕ್ಕಿತು. ಸೆರಗು ಪರ್ರೆಂದು ಹರಿಯಿತು.

ಸುಗುಣವ್ವ ನಿಂತುಬಿಟ್ಟಳು. "ನೋಡಿದೇನ? ಬ್ಯಾಡ ಅಂದ."

"ಅದು ಮೊಳಿ ಬೇ, ದೇವ್ರಲ್ಲ!"

ಅವಳು ಮತ್ತೆ ಅದೇ ಆರಿಂಚಿನ ಮೇಲೆ ಕೂತಳು. ಸೋಮವಾರ ಮೌನೇಶಪ್ಪ ಬಂದು ಮೊಳೆ ಬಡಿದ. ಎರಡೇ ಏಟು ಸಾಕಾಯಿತು. ಆದರೆ ಸುಗುಣವ್ವ ಮತ್ತೆಂದೂ ಏಳಲಿಲ್ಲ.

೧೯೭೯ರಲ್ಲಿ ದೇವಾಲಯಕ್ಕೆ ಕುರ್ಚಿಗಳು ಬಂದವು. ನನ್ನನ್ನು ಸಮಾಧಿ ತೋಟದ ತಗಡಿನ ಚಪ್ಪರಕ್ಕೆ ಸಾಗಿಸಿದರು. ಮೂರು ವರ್ಷದ ಮೇಲೆ ಸುಗುಣವ್ವನನ್ನೂ ಅಲ್ಲಿಗೆ ತಂದರು. ಕಡೆಗಾಲದಲ್ಲಿ ಅವಳ ಮನಸ್ಸಿನಲ್ಲಿ ಏನು ನಡೆಯಿತೋ ದೇವರಿಗೆ ಗೊತ್ತು. ನಾನು ಕಂಡು ಕೇಳಿದ್ದನ್ನಷ್ಟೇ ಹೇಳಬಲ್ಲೆ. ಅವಳನ್ನು ತಡೆದದ್ದು ಅವಿಶ್ವಾಸ. ಅರ್ಧ ಇಂಚಿನ ಮೊಳೆಗೆ ಅಷ್ಟು ಬಲವಿಲ್ಲ. ಆದರೂ ಆ ಅವಿಶ್ವಾಸಕ್ಕೊಂದು ನೆಪ ಬೇಕಿತ್ತು, ಅದು ಸಿಕ್ಕಿದ್ದು ನನ್ನಿಂದ. ದಣಿದವರು ಒರಗಲೆಂದು ಮಾಡಿದ ಬೆಂಚು ನಾನು. ನಾಚಿಕೆಯಾಗುತ್ತದೆ.

ಮಣ್ಣು ಕೊಟ್ಟ ಮೇಲೆ ರಾಹೇಲವ್ವ ಬಂದು ಆ ತುದಿಯಲ್ಲಿ ಕೂತಳು. ನನ್ನ ಬೆನ್ನ ಹಲಗೆಯ ಬಣ್ಣವೆಲ್ಲ ಒರಗಿದವರ ಬೆನ್ನು ತಾಗಿ ಸವೆದುಹೋಗಿತ್ತು. ಆ ಮೂಲೆಯಲ್ಲಿ ಮಾತ್ರ ವಾರ್ನಿಷ್ ಮೌನೇಶಪ್ಪ ಹಚ್ಚಿದಂತೆಯೇ ಹೊಳೆಯುತ್ತಿತ್ತು. ಅವಳು ಅದನ್ನು ಸವರಿದಳು. ಆಮೇಲೆ ಗೆಳತಿ ಕೂರುತ್ತಿದ್ದ ಜಾಗದಿಂದ ಹಲಗೆಯವರೆಗೆ ಕೈ ಬಿಡಿಸಿ ಅಳೆದಳು.

"ಒಂದ ಗೇಣ ಇತ್ತಲ್ಲ ಬೇ," ಎಂದಳು, "ಒಂದ ಗೇಣ."